ಪಿಯಾನೊಲಾ: ತೂತುಗಳಲ್ಲಿ ಬರೆದ ಸಂಗೀತ

ಕಲೆಗಳಲ್ಲೆಲ್ಲಾ ಸಂಗೀತದಷ್ಟು ಕ್ಷಣಿಕವಾದುದು ಮತ್ತೊಂದಿಲ್ಲ. ಶಿಲ್ಪಿಯು ಗತಿಸಿದ ಮೇಲೂ ಶಿಲೆಯು ನಿಲ್ಲುತ್ತದೆ. ಕವಿಯು ಕಾಲವಶನಾದ ಮೇಲೂ ಓಲೆಗರಿಯು ಉಳಿಯುತ್ತದೆ. ವೈಣಿಕನ ಬೆರಳಾದರೋ ತಂತಿಯನ್ನು ಬಿಟ್ಟೊಡನೆಯೇ ಅವನ ಕೃತಿಯು ಗಾಳಿಯಲ್ಲಿ ಲೀನವಾಗಿಹೋಗುತ್ತದೆ. ಈ ನಷ್ಟವನ್ನು ತಡೆಯುವುದಕ್ಕಾಗಿ ಮನುಷ್ಯನು ಬಗೆಬಗೆಯ ಉಪಾಯಗಳನ್ನು ಹೂಡಿದ್ದಾನೆ. ನಮ್ಮ ಹಿರಿಯರು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಸಂಗೀತವನ್ನು ಸಾಗಿಸಿದರು. ಯೂರೋಪಿನವರು ಗೆರೆಗಳ ಮೇಲೆ ಬೊಟ್ಟುಗಳನ್ನಿಟ್ಟು ಅದನ್ನು ಬರೆದಿಟ್ಟರು. ಗ್ರಾಮಫೋನಿನ ತಟ್ಟೆಯು ಇನ್ನೂ ಬಾಲ್ಯಾವಸ್ಥೆಯಲ್ಲಿದ್ದಾಗ ಪಾಶ್ಚಾತ್ಯರು ಕಂಡುಹಿಡಿದ ಮತ್ತೊಂದು ಉಪಾಯವುಂಟು. ಅದು ಕಾಗದದ ಉದ್ದನೆಯ ಸುರುಳಿಯಲ್ಲಿ ತೂತುಗಳನ್ನು ಕೊರೆದು, ಆ ತೂತುಗಳ ಮೂಲಕ ಪಿಯಾನೊವನ್ನು ತಾನಾಗಿ ನುಡಿಯುವಂತೆ ಮಾಡುವುದು. ಈ ಯಂತ್ರವು ಸುಮಾರು ಮೂವತ್ತು ವರ್ಷ ಕಾಲ ಅಮೆರಿಕದ ಮತ್ತು ಯೂರೋಪಿನ ಮನೆಗಳಲ್ಲಿ ಮೆರೆದು ಅನಂತರ ಮರೆಯಾಯಿತು. ಆದರೆ ಅದು ಎಬ್ಬಿಸಿದ ಪ್ರಶ್ನೆಗಳು ಮರೆಯಾಗಲಿಲ್ಲ. ಸಂಗೀತವೆಂಬುದು ಎಲ್ಲಿದೆ? ಬರೆದ ಹಾಳೆಯಲ್ಲಿಯೋ, ನುಡಿಸುವ ಕೈಯಲ್ಲಿಯೋ, ಕೇಳುವ ಕಿವಿಯಲ್ಲಿಯೋ? ಮತ್ತು ಅದು ಯಾರ ಸೊತ್ತು? ಇವನ್ನು ಈ ಕಾಗದದ ಸುರುಳಿಯು ನ್ಯಾಯಾಲಯದವರೆಗೆ ಕೊಂಡೊಯ್ದುದರಿಂದ ಇದರ ಚರಿತ್ರೆಯು ವಾಚಕರಿಗೆ ನೀರಸವಾಗಲಾರದು.

ಮೊದಲು ಒಂದು ಮಾತನ್ನು ಗಮನಿಸಬೇಕು. ಈ ಉಪಾಯವು ಪಿಯಾನೊವಿಗೆ ಒಗ್ಗಿತು, ವೀಣೆಗೆ ಒಗ್ಗಲಾರದು. ವೀಣೆಯಲ್ಲಿ ಸ್ವರವನ್ನು ಮೀಟಿದ ಮೇಲೆಯೇ ನಿಜವಾದ ಕೆಲಸವು ಆರಂಭವಾಗುತ್ತದೆ. ತಂತಿಯನ್ನು ಎಳೆದು, ಜಾರಿಸಿ, ನಡುಗಿಸಿ ಗಮಕವನ್ನು ಹೊರಡಿಸಬೇಕು. ಪಿಯಾನೊವಿನಲ್ಲಿ ಹಾಗಿಲ್ಲ. ಅದರ ಒಂದೊಂದು ಮನೆಗೂ ಒಂದೊಂದು ಸ್ಥಿರವಾದ ಸ್ವರ. ಮನೆಯನ್ನು ಒತ್ತಿದಾಗ ಬಟ್ಟೆ ಹೊದಿಸಿದ ಸುತ್ತಿಗೆಯು ಹಾರಿ ತಂತಿಯನ್ನು ಹೊಡೆದು ಹಿಂದಕ್ಕೆ ಬೀಳುತ್ತದೆ. ಆಮೇಲೆ ವಾದಕನ ಬೆರಳು ಆ ಸ್ವರವನ್ನು ಬಾಗಿಸಲಾರದು. ಆದುದರಿಂದ ಪಿಯಾನೊವಾದನವನ್ನೆಲ್ಲ ಮೂರು ಸಂಗತಿಗಳಾಗಿ ಬಿಡಿಸಬಹುದು: ಯಾವ ಮನೆಯನ್ನು ಎಷ್ಟು ಹೊತ್ತಿಗೆ ಒತ್ತಿದನು, ಎಷ್ಟು ಹೊತ್ತಿಗೆ ಬಿಟ್ಟನು, ಎಷ್ಟು ಬಲದಿಂದ ಒತ್ತಿದನು. ಇವುಗಳಲ್ಲಿ ಮೊದಲಿನೆರಡು ತೂತಿನ ತುದಿಮೊದಲುಗಳಿಂದ ಸುಲಭವಾಗಿ ಗುರುತಿಸತಕ್ಕವು. ಮೂರನೆಯದೇ ಕಠಿನ. ಈ ಯಂತ್ರದ ಚರಿತ್ರೆಯಲ್ಲಿ ಬಹುಭಾಗವು ಆ ಮೂರನೆಯದನ್ನು ಸಾಧಿಸಲು ನಡೆದ ಶ್ರಮದ ಕಥೆಯೇ ಆಗಿದೆ.

ತಾನಾಗಿ ನುಡಿಯುವ ವಾದ್ಯಗಳು ಹೊಸವಲ್ಲ. ಮರದ ಉರುಳೆಯ ಮೇಲೆ ಮೊಳೆಗಳನ್ನು ಬಡಿದು, ಅದನ್ನು ತಿರುಗಿಸಿ ಆರ್ಗನ್ನನ್ನು ನುಡಿಸುವ ಕ್ರಮವು ಯೂರೋಪಿನಲ್ಲಿ ಹಲವು ಶತಮಾನಗಳಿಂದ ಇದ್ದಿತು. ಆದರೆ ಉರುಳೆಯು ಒಂದು ಸುತ್ತು ತಿರುಗಿದರೆ ಹಾಡು ಮುಗಿಯುತ್ತಿತ್ತು. ಹೊಸ ಹಾಡು ಬೇಕಾದರೆ ಹೊಸ ಉರುಳೆಯೇ ಬೇಕಾಗುತ್ತಿತ್ತು. ಇದಕ್ಕೆ ಪರಿಹಾರವು ಸಂಗೀತಶಾಲೆಯಿಂದ ಬರಲಿಲ್ಲ, ನೆಯ್ಗೆಯವರ ಮಗ್ಗದಿಂದ ಬಂದಿತು. ಫ್ರಾನ್ಸಿನಲ್ಲಿ ಬೂಶೋನ್ ಎಂಬಾತನು ೧೭೨೫ರಲ್ಲಿ ತೂತು ಮಾಡಿದ ಕಾಗದದಿಂದ ಮಗ್ಗದ ಎಳೆಗಳನ್ನು ಆಯುವ ಕ್ರಮವನ್ನು ಹೂಡಿದನು. ಅದನ್ನು ಬೆಳೆಯಿಸಿ ಜೋಸೆಫ್ ಮರೀ ಜ್ಯಾಕಾರ್ಡನು ೧೮೦೪ರ ಹೊತ್ತಿಗೆ ತನ್ನ ಪ್ರಸಿದ್ಧವಾದ ಮಗ್ಗವನ್ನು ನಿರ್ಮಿಸಿದನು. ನಮ್ಮ ದೇಶದ ರೇಷ್ಮೆಯ ಸೀರೆಗಳಲ್ಲಿ ಸೆರಗಿನ ಹೂಬಳ್ಳಿಗಳನ್ನು ತೆಗೆಯುವಾಗ ಮಗ್ಗದ ಮೇಲೆ ತೂಗಾಡುವ ರಟ್ಟಿನ ಹಾಳೆಗಳನ್ನು ನೋಡಿದವರಿಗೆ ಇದರ ಮರ್ಮವು ತಿಳಿದಿರುವುದು. ತೂತಿದ್ದಲ್ಲಿ ಎಳೆ ಏಳುವುದು, ಇಲ್ಲದಲ್ಲಿ ಏಳದು. ಎಳೆಯನ್ನು ಎತ್ತಬಲ್ಲ ತೂತು ಸ್ವರವನ್ನು ಏಕೆ ಎತ್ತಬಾರದು? ಲಿಯೋನ್ ನಗರವು ರೇಷ್ಮೆಯ ನೆಯ್ಗೆಗೆ ಹೆಸರಾದ ಊರು. ಆ ಊರಿನ ಸೇತ್ರ್ ಎಂಬಾತನೇ ೧೮೪೨ರಲ್ಲಿ ತೂತುಹಾಳೆಯಿಂದ ವಾದ್ಯವನ್ನು ನುಡಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. ೧೮೬೩ರಲ್ಲಿ ಫೂರ್ನೋ ಎಂಬ ಮತ್ತೊಬ್ಬ ಫ್ರೆಂಚನು ಗಾಳಿಯ ಬಲದಿಂದ ಪಿಯಾನೊವನ್ನು ನುಡಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಜರ್ಮನಿಯ ಫ್ರೈಬುರ್ಗಿನ ವೆಲ್ಟೆ ಮನೆತನದವರು ೧೮೮೩ರಲ್ಲಿ ತಮ್ಮ ದೊಡ್ಡ ವಾದ್ಯಯಂತ್ರಗಳಿಂದ ಮರದ ಉರುಳೆಯನ್ನು ತೆಗೆದು ಕಾಗದದ ಸುರುಳಿಯನ್ನು ಅಳವಡಿಸಿದರು.

ಆದರೂ ಇದನ್ನು ಗೃಹಸ್ಥರ ಮನೆಯ ವಸ್ತುವನ್ನಾಗಿ ಮಾಡಿದವನು ಅಮೆರಿಕದ ಎಡ್ವಿನ್ ಸ್ಕಾಟ್ ವೋಟಿ. ಈತನು ಆರ್ಗನ್ ತಯಾರಿಸುವ ಕಸುಬಿನವನು. ೧೮೯೫ರಲ್ಲಿ ಡೆಟ್ರಾಯಿಟ್ ನಗರದ ತನ್ನ ಮನೆಯ ಕೆಲಸಕೋಣೆಯಲ್ಲಿ ಮೊದಲನೆಯ ಯಂತ್ರವನ್ನು ಕಟ್ಟಿದನು. ಅದು ಪಿಯಾನೊವಿನ ಒಳಗಿರಲಿಲ್ಲ. ಬೀರುವಿನಂತಹ ದೊಡ್ಡ ಪೆಟ್ಟಿಗೆಯನ್ನು ಪಿಯಾನೊವಿನ ಮುಂದಕ್ಕೆ ತಳ್ಳಿ ನಿಲ್ಲಿಸಿದರೆ, ಅದರ ಹಿಂಬದಿಯಿಂದ ಹೊರಚಾಚಿದ ಬಟ್ಟೆ ಹೊದಿಸಿದ ಅರವತ್ತೈದು ಮರದ ಬೆರಳುಗಳು ಮನೆಗಳನ್ನು ಒತ್ತುತ್ತಿದ್ದುವು. ಯಂತ್ರವು ಎದುರಿಗೆ ಕುಳಿತು ಬಾರಿಸುವ ಮನುಷ್ಯನನ್ನೇ ಅನುಕರಿಸಿತೆನ್ನಬಹುದು. ಏಯೋಲಿಯನ್ ಕಂಪೆನಿಯವರು ಇದನ್ನು ಪಿಯಾನೊಲಾ ಎಂಬ ಹೆಸರಿನಿಂದ ೨೫೦ ಡಾಲರುಗಳಿಗೆ ಮಾರಿದರು. ಆ ಹೆಸರು ಎಷ್ಟು ಪ್ರಚಾರಕ್ಕೆ ಬಂದಿತೆಂದರೆ, ಬೇರೆ ಕಂಪೆನಿಗಳ ಯಂತ್ರಗಳನ್ನೂ ಜನರು ಪಿಯಾನೊಲಾ ಎಂದೇ ಕರೆಯತೊಡಗಿದರು. ಕೆಲವು ವರ್ಷಗಳೊಳಗಾಗಿ ಮೆಲ್ವಿಲ್ ಕ್ಲಾರ್ಕ್ ಮೊದಲಾದವರು ಯಂತ್ರವನ್ನು ಪಿಯಾನೊವಿನ ಒಡಲೊಳಗೇ ಅಡಗಿಸಿದರು. ಆಮೇಲೆ ನೋಡುವವರಿಗೆ ಮನೆಗಳು ತಾವಾಗಿಯೇ ಏಳುತ್ತ ಬೀಳುತ್ತ, ಅದೃಶ್ಯನಾದ ವಾದಕನೊಬ್ಬನು ನುಡಿಸುತ್ತಿರುವಂತೆ ತೋರುತ್ತಿತ್ತು.

ಇನ್ನು ಇದರ ಒಳಗುಟ್ಟನ್ನು ನೋಡೋಣ. ನಮ್ಮವರಿಗೆ ಹಾರ್ಮೋನಿಯಂ ಪೆಟ್ಟಿಗೆಯ ತಿದಿಯು ಪರಿಚಿತವಾದುದು. ಅಲ್ಲಿ ತಿದಿಯು ಗಾಳಿಯನ್ನು ಒಳಕ್ಕೆ ತುಂಬುತ್ತದೆ. ಪಿಯಾನೊಲಾದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಕಾಲಿನಿಂದ ತುಳಿಯುವ ಎರಡು ಮೆಟ್ಟುಗಳು ದೊಡ್ಡ ತಿದಿಗಳ ಮೂಲಕ ಪೆಟ್ಟಿಗೆಯೊಳಗಿನ ಗಾಳಿಯನ್ನು ಹೊರಕ್ಕೆ ಹಾಕುತ್ತವೆ. ಒಳಗೆ ಗಾಳಿಯು ವಿರಳವಾಗುತ್ತದೆ. ತುಳಿತಕ್ಕೂ ತುಳಿತಕ್ಕೂ ನಡುವೆ ಈ ವಿರಳತೆಯು ಒಮ್ಮೆಗೇ ಕುಂದದಂತೆ ಕಾಪಾಡಲು ಒಳಗಡೆ ಸ್ಪ್ರಿಂಗುಗಳುಳ್ಳ ಮತ್ತೊಂದು ತಿದಿಯಿರುತ್ತದೆ. ಕೋಣೆಯಲ್ಲಿರುವ ಗಾಳಿಯು ತನ್ನ ಸಹಜವಾದ ಒತ್ತಡದಿಂದ ಒಳಗೆ ನುಗ್ಗಲು ಸದಾ ಹವಣಿಸುತ್ತಿರುವುದು. ವಾಸ್ತವವಾಗಿ ಪಿಯಾನೊವನ್ನು ನುಡಿಸುವ ಶಕ್ತಿಯು ಅದೇ. ಕಾಗದದ ಸುರುಳಿಯು ಅದಕ್ಕೆ ಯಾವಾಗ, ಎಲ್ಲಿ ದಾರಿ ಕೊಡಬೇಕೆಂಬುದನ್ನು ಮಾತ್ರ ನಿರ್ಣಯಿಸುತ್ತದೆ.

ವಾದಕನ ಕಣ್ಣೆದುರಿಗೆ ಹಿತ್ತಾಳೆಯ ಪಟ್ಟಿಯೊಂದು ಅಡ್ಡಲಾಗಿರುವುದು. ಅದರಲ್ಲಿ ಒಂದೊಂದು ಸ್ವರಕ್ಕೆ ಒಂದೊಂದರಂತೆ ಕಿರಿದಾದ ಕಂಡಿಗಳ ಸಾಲು. ಒಂದೊಂದು ಕಂಡಿಯಿಂದಲೂ ಸಣ್ಣ ಕೊಳವೆಯೊಂದು ಹೊರಟು, ತೆಳುವಾದ ತೊಗಲಿನ ಬಿಲ್ಲೆಯೊಂದರ ಕೆಳಭಾಗಕ್ಕೆ ಹೋಗಿ ಸೇರುತ್ತದೆ. ಬಿಲ್ಲೆಯ ಮೇಲ್ಭಾಗದಲ್ಲಿ ವಿರಳವಾದ ಗಾಳಿಯ ಕೋಣೆ. ಕಾಗದವು ಪಟ್ಟಿಯ ಮೇಲೆ ಬಿಗಿಯಾಗಿ ಹರಿಯುತ್ತಿರುವಷ್ಟು ಹೊತ್ತೂ ಕಂಡಿಗಳು ಮುಚ್ಚಿರುತ್ತವೆ. ಕಾಗದದ ತೂತು ಕಂಡಿಯ ಮೇಲೆ ಬಂದೊಡನೆಯೇ ಹೊರಗಿನ ಗಾಳಿಯು ಕೊಳವೆಯೊಳಗೆ ನುಗ್ಗಿ ಬಿಲ್ಲೆಯನ್ನು ಮೇಲಕ್ಕೆ ಉಬ್ಬಿಸುತ್ತದೆ. ಬಿಲ್ಲೆಯು ಒಂದು ಕವಾಟವನ್ನು ಎತ್ತುತ್ತದೆ. ಕವಾಟವು ತೆರೆದಾಗ ಅದಕ್ಕೆ ಸೇರಿದ ಕಿರುತಿದಿಯೊಳಗಿನ ಗಾಳಿಯು ವಿರಳವಾದ ಕೋಣೆಗೆ ಹರಿದುಹೋಗಿ, ಹೊರಗಿನ ಒತ್ತಡದಿಂದ ಕಿರುತಿದಿಯು ತಟ್ಟನೆ ಮುಚ್ಚಿಕೊಳ್ಳುತ್ತದೆ. ಆ ಚಲನೆಯು ಸುತ್ತಿಗೆಯನ್ನು ತಂತಿಯ ಮೇಲೆ ಎಸೆಯುತ್ತದೆ. ತೂತು ದಾಟಿ ಕಾಗದವು ಕಂಡಿಯನ್ನು ಪುನಃ ಮುಚ್ಚಿದ ಮೇಲೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯು ಹೊರಟುಹೋಗಬೇಕಷ್ಟೆ? ಅದಕ್ಕಾಗಿ ಕೊಳವೆಗೂ ಕೋಣೆಗೂ ನಡುವೆ ಸೂಜಿಮೊನೆಯಷ್ಟು ಸಣ್ಣದೊಂದು ರಂಧ್ರವಿದೆ. ಅದರ ಮೂಲಕ ಗಾಳಿಯು ಸೋರಿಹೋಗಿ ಬಿಲ್ಲೆಯು ಇಳಿಯುತ್ತದೆ, ಕವಾಟವು ಮುಚ್ಚುತ್ತದೆ, ಸ್ವರವು ನಿಲ್ಲುತ್ತದೆ. ಇಷ್ಟೆಲ್ಲ ವ್ಯಾಪಾರವೂ ಕಣ್ಣೆವೆಯಿಕ್ಕುವುದರೊಳಗೆ ನಡೆದುಹೋಗುತ್ತದೆ. ಆ ಸಣ್ಣ ರಂಧ್ರದಲ್ಲಿ ಧೂಳು ತುಂಬಿದರೆ ಸ್ವರವು ಬಿಡದೆ ಅಂಟಿಕೊಳ್ಳುವುದು; ಅದು ಅತಿಯಾಗಿ ದೊಡ್ಡದಾದರೆ ಸ್ವರವೇ ಏಳದು.

ಸುರುಳಿಯನ್ನು ಎಳೆಯುವ ಕೆಲಸವನ್ನೂ ಗಾಳಿಯೇ ಮಾಡುತ್ತದೆ. ನಾಲ್ಕೈದು ಕಿರುತಿದಿಗಳು ಸರದಿಯಂತೆ ಮುಚ್ಚಿ ತೆರೆಯುತ್ತ ಒಂದು ಅಚ್ಚನ್ನು ತಿರುಗಿಸುವುವು. ವಾದಕನು ಜೋರಾಗಿ ತುಳಿದಾಗ ಸುತ್ತಿಗೆಯ ಪೆಟ್ಟು ಬಲವಾಗಬೇಕೇ ಹೊರತು ಲಯವು ಓಡಬಾರದು. ಆದುದರಿಂದ ಈ ಪುಟ್ಟ ಮೋಟಾರಿಗೆ ವೇಗವನ್ನು ಸಮನಾಗಿಡುವ ಪ್ರತ್ಯೇಕವಾದ ನಿಯಾಮಕವೊಂದಿದೆ. ಸುರುಳಿಯ ಮೊದಲಿನಲ್ಲಿ ವೇಗದ ಅಂಕವನ್ನು ಅಚ್ಚುಹಾಕಿರುವರು. ೭೦ ಎಂದಿದ್ದರೆ ಮಿನಿಟಿಗೆ ಏಳು ಅಡಿ ಕಾಗದವು ಹರಿಯಬೇಕೆಂದು ಅರ್ಥ. ಹರಿದ ಕಾಗದವು ಕೆಳಗಿನ ಉರುಳೆಗೆ ಸುತ್ತಿಕೊಳ್ಳುತ್ತ ಹೋದಂತೆ ಉರುಳೆಯು ದಪ್ಪನಾಗಿ ಕಾಗದದ ವೇಗವು ಅಲ್ಪಸ್ವಲ್ಪ ಹೆಚ್ಚುತ್ತದೆ. ಹಲವು ತಯಾರಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು, ತುದಿಗೆ ಹೋದಂತೆ ತೂತುಗಳನ್ನು ತುಸು ಉದ್ದವಾಗಿಯೂ ದೂರವಾಗಿಯೂ ಕೊರೆಯುತ್ತಿದ್ದರು. ದೀರ್ಘವಾದ ಸ್ವರಕ್ಕೆ ಉದ್ದನೆಯ ಒಂದೇ ಸೀಳನ್ನು ಕೊರೆದರೆ ಕಾಗದವು ಹರಿಯುವುದೆಂದು, ಒತ್ತೊತ್ತಾದ ತೂತುಗಳ ಸರಪಳಿಯನ್ನು ಮಾಡುವ ಪದ್ಧತಿಯೂ ಇದ್ದಿತು. ಹಾಡಿನ ಸುರುಳಿಗಳ ಅಂಚಿನಲ್ಲಿ ಸಾಹಿತ್ಯವನ್ನೂ ಮುದ್ರಿಸುತ್ತಿದ್ದರು. ಕಾಗದವು ಮೇಲಿನಿಂದ ಕೆಳಕ್ಕೆ ಹರಿಯುವುದರಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕಾಗುತ್ತಿತ್ತು. ಮನೆಯವರೆಲ್ಲರೂ ಪಿಯಾನೊವಿನ ಸುತ್ತ ನಿಂತು ಹಾಗೆ ಓದುತ್ತ ಹಾಡುವುದು ಆ ಕಾಲದ ಸಾಮಾನ್ಯ ವಿನೋದವಾಗಿತ್ತು.

ಆರಂಭದಲ್ಲಿ ಒಂದು ಕಂಪೆನಿಯ ಸುರುಳಿಯು ಮತ್ತೊಂದು ಕಂಪೆನಿಯ ಯಂತ್ರಕ್ಕೆ ಹೊಂದುತ್ತಿರಲಿಲ್ಲ. ಕೊಂಡವನು ಒಂದೇ ಅಂಗಡಿಗೆ ಕಟ್ಟುಬಿದ್ದಂತಾಗುತ್ತಿತ್ತು. ೧೯೦೮ರ ಡಿಸೆಂಬರಿನಲ್ಲಿ ಅಮೆರಿಕದ ತಯಾರಕರು ಬಫಲೊ ನಗರದಲ್ಲಿ ಸಭೆ ಸೇರಿ ಒಂದು ಒಪ್ಪಂದಕ್ಕೆ ಬಂದರು. ಕಾಗದದ ಅಗಲವು ಹನ್ನೊಂದೂಕಾಲು ಅಂಗುಲ. ಹಳೆಯ ೬೫ ಸ್ವರಗಳ ಸುರುಳಿಗೆ ಅಂಗುಲಕ್ಕೆ ಆರು ತೂತು, ಪಿಯಾನೊವಿನ ೮೮ ಸ್ವರಗಳನ್ನೂ ಒಳಗೊಂಡ ಹೊಸ ಸುರುಳಿಗೆ ಅಂಗುಲಕ್ಕೆ ಒಂಬತ್ತು ತೂತು. ಅಲ್ಲಿಂದ ಮುಂದೆ ಯಾರ ಸುರುಳಿಯಾದರೂ ಯಾರ ಪಿಯಾನೊವಿನಲ್ಲಾದರೂ ನುಡಿಯುವಂತಾಯಿತು. ಸ್ಪರ್ಧಿಗಳು ಒಂದು ಅಳತೆಗೆ ಒಪ್ಪಿದುದರಿಂದ ಎಲ್ಲರ ವ್ಯಾಪಾರವೂ ಬೆಳೆಯಿತು. ಆ ಅಳತೆಯಲ್ಲಿ ಕೊರೆದ ಸುರುಳಿಗಳು ಇಂದಿಗೂ ದುರಸ್ತಾದ ಯಂತ್ರಗಳಲ್ಲಿ ನುಡಿಯುತ್ತವೆ.

ಇದು ಕೇವಲ ಜಡವಾದ ಯಂತ್ರವೆಂದು ಭಾವಿಸುವುದು ಸರಿಯಲ್ಲ. ಸಾಧಾರಣವಾದ ಸುರುಳಿಯಲ್ಲಿ ಸ್ವರಗಳು ಮಾತ್ರ ಇರುತ್ತಿದ್ದುವು. ಅವನ್ನು ಮೇಜಿನೆದುರು ಕುಳಿತು ಲಿಪಿಯನ್ನು ನೋಡಿ, ಅಳೆದು ಕೊರೆಯುತ್ತಿದ್ದರು. ಅದಕ್ಕೆ ಜೀವ ತುಂಬುವ ಕೆಲಸವು ಮೆಟ್ಟು ತುಳಿಯುವವನದಾಗಿತ್ತು. ಕಾಲಿನ ಒತ್ತಡದಿಂದ ಸ್ವರದ ಬಲವನ್ನೂ, ಕೈಯ ಸನ್ನೆಗೋಲುಗಳಿಂದ ಲಯವನ್ನೂ ನಾದದ ದೀರ್ಘತೆಯನ್ನೂ ಆತನು ನಡೆಸಬೇಕಾಗಿತ್ತು. ರಸಜ್ಞನು ತುಳಿದರೆ ಒಂದು ತೆರ, ಅರಸಿಕನು ತುಳಿದರೆ ಮತ್ತೊಂದು ತೆರ. ಆದರೆ ವ್ಯಾಪಾರಿಗಳ ಆಸೆಯು ಅಲ್ಲಿಗೆ ನಿಲ್ಲಲಿಲ್ಲ. ಮಹಾವಾದಕನ ಕೈಬಲವನ್ನೇ ಕಾಗದಕ್ಕೆ ಇಳಿಸಬಾರದೇಕೆ ಎಂದು ಫ್ರೈಬುರ್ಗಿನ ಎಡ್ವಿನ್ ವೆಲ್ಟೆಯೂ ಅವನ ಜತೆಗಾರನಾದ ಕಾರ್ಲ್ ಬೋಕಿಷ್ ಎಂಬಾತನೂ ಯೋಚಿಸಿ ೧೯೦೪ರಲ್ಲಿ ವೆಲ್ಟೆ-ಮಿನ್ಯೋನ್ ಎಂಬ ಯಂತ್ರವನ್ನು ಹೊರಗೆಡಹಿದರು. ಸುರುಳಿಯ ಅಂಚುಗಳಲ್ಲಿ ಕೊರೆದ ಹೆಚ್ಚಿನ ತೂತುಗಳು ಗಾಳಿಯ ಬಲವನ್ನು ಕ್ಷಣಕ್ಷಣಕ್ಕೂ ಏರಿಸಿ ಇಳಿಸುತ್ತಿದ್ದುವು. ಮಂದ್ರಭಾಗಕ್ಕೂ ತಾರಭಾಗಕ್ಕೂ ಬೇರೆಬೇರೆ ನಿಯಾಮಕಗಳಿದ್ದುವು. ವಾದಕನ ಸ್ಪರ್ಶವನ್ನು ಗುರುತಿಸುವ ವಿಧಾನವನ್ನು ಮಾತ್ರ ಅವರು ರಹಸ್ಯವಾಗಿಟ್ಟರು. ಸೇಂಟ್-ಸಾನ್ಸ್, ಗ್ರೀಗ್, ಡೆಬ್ಯೂಸಿ ಮೊದಲಾದವರು ವೆಲ್ಟೆಯವರಿಗಾಗಿ ನುಡಿಸಿದರು. ಅಮೆರಿಕದಲ್ಲಿ ಡ್ಯುಯೊ-ಆರ್ಟ್, ಆಂಪಿಕೊ ಎಂಬ ಇಂತಹವೇ ಯಂತ್ರಗಳು ಹುಟ್ಟಿದುವು. ರಖ್ಮಾನಿನಾಫನು ಆಂಪಿಕೊವಿಗೆ ನುಡಿಸಿದನು.

೧೯೦೫ರ ನವೆಂಬರ್ ೯ರಂದು ಲೈಪ್‌ಜಿಗ್ ನಗರದಲ್ಲಿ ಗುಸ್ತಾವ್ ಮಾಹ್ಲರನು ವೆಲ್ಟೆಯ ಪಿಯಾನೊವಿನೆದುರು ಕುಳಿತು ತನ್ನ ನಾಲ್ಕು ರಚನೆಗಳನ್ನು ನುಡಿಸಿದನು. ಆತನು ೧೯೧೧ರಲ್ಲಿ ತೀರಿಹೋದನು. ಆ ಮಹಾಸಂಗೀತಕಾರನ ಕೈಯಿಂದ ಹೊರಟ ನಾದಕ್ಕೆ ಇಂದು ನಮಗಿರುವ ಸಾಕ್ಷಿಯು ಆ ನಾಲ್ಕು ಸುರುಳಿಗಳು ಮಾತ್ರ. ಅವು ಎಷ್ಟರಮಟ್ಟಿಗೆ ಸತ್ಯ? ಸ್ವರಗಳ ಕ್ರಮವೂ ಲಯದ ಏರುಪೇರೂ ಬಹುಮಟ್ಟಿಗೆ ನಂಬತಕ್ಕವು. ಬಲದ ವಿಷಯದಲ್ಲಿ ಸಂಶಯಕ್ಕೆ ಎಡೆಯುಂಟು; ಒಂದೇ ಕ್ಷಣದಲ್ಲಿ ಒಂದೇ ಭಾಗದೊಳಗೆ ಒತ್ತಿದ ಎರಡು ಸ್ವರಗಳಿಗೆ ಬೇರೆಬೇರೆ ಬಲವನ್ನು ಕೊಡಲು ಈ ಯಂತ್ರಕ್ಕೆ ಸಾಧ್ಯವಿರಲಿಲ್ಲ. ಅಲ್ಲದೆ ತಯಾರಕರು ಸುರುಳಿಗಳನ್ನು ಆಮೇಲೆ ತಿದ್ದುವುದೂ ಇದ್ದಿತು. ಇದು ಹೆಜ್ಜೆಯ ಗುರುತನ್ನು ನೋಡಿ ನಡೆದವನ ನಡಿಗೆಯನ್ನು ಊಹಿಸಿದಂತೆ. ಆದರೆ ನಡೆದವನು ಮರಳಿ ಬಾರದಿರುವಾಗ ಹೆಜ್ಜೆಯ ಗುರುತಿಗೂ ಬೆಲೆಯುಂಟು.

ಈ ನಡುವೆ ಮತ್ತೊಂದು ಕಲಹವು ಎದ್ದಿತು. ಸುರುಳಿಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದರೂ ಹಾಡು ಕಟ್ಟಿದವನಿಗೆ ಕಾಸೂ ದೊರೆಯುತ್ತಿರಲಿಲ್ಲ. ಆಡಮ್ ಗೈಬೆಲ್ ಎಂಬ ರಚನಕಾರನ ಎರಡು ಹಾಡುಗಳ ಸುರುಳಿಗಳನ್ನು ಅಪೊಲೊ ಕಂಪೆನಿಯವರು ಮಾರಿದರೆಂದು, ಆ ಹಾಡುಗಳ ಪ್ರಕಾಶಕರಾದ ವೈಟ್-ಸ್ಮಿತ್ ಕಂಪೆನಿಯವರು ವ್ಯಾಜ್ಯ ಹೂಡಿದರು. ವ್ಯಾಜ್ಯವು ಅಮೆರಿಕದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ, ೧೯೦೮ರ ಫೆಬ್ರವರಿ ೨೪ರಂದು ತೀರ್ಪಾಯಿತು. ಪ್ರತಿಯೆಂಬುದು ಮನುಷ್ಯನು ಕಣ್ಣಿನಿಂದ ಓದಿ ತಿಳಿಯತಕ್ಕುದಾಗಿರಬೇಕು. ತೂತುಗಳ ಸುರುಳಿಯನ್ನು ಯಾರೂ ಹಾಗೆ ಓದಲಾರರು. ಆದಕಾರಣ ಅದು ಯಂತ್ರದ ಒಂದು ಅಂಗವೇ ಹೊರತು ಸಂಗೀತದ ಪ್ರತಿಯಲ್ಲ ಎಂಬುದು ತೀರ್ಪಿನ ಸಾರ. ನ್ಯಾಯಮೂರ್ತಿ ಹೋಮ್ಸರು ಕಾನೂನಿಗೆ ತಲೆಬಾಗಿ ಒಪ್ಪಿದರೂ, ಸ್ವರಸಂಯೋಜನೆಯನ್ನು ಯಂತ್ರದಿಂದ ಮತ್ತೆ ಹೊರಡಿಸುವ ಯಾವ ವಸ್ತುವನ್ನಾದರೂ ಪ್ರತಿಯೆಂದೇ ಎಣಿಸುವುದು ನ್ಯಾಯವೆಂಬ ತಮ್ಮ ಅಭಿಪ್ರಾಯವನ್ನು ಬೇರೆಯಾಗಿ ಬರೆದಿಟ್ಟರು.

ತೀರ್ಪು ರಚನಕಾರರಿಗೆ ವಿರೋಧವಾದರೂ ಶಾಸನಸಭೆಯು ಮರುವರ್ಷವೇ ಅದನ್ನು ತಿದ್ದಿತು. ೧೯೦೯ರ ಕಾನೂನು ಸುರುಳಿಯ ಮೇಲೆ ರಚನಕಾರನಿಗೆ ಹಕ್ಕನ್ನು ಕೊಟ್ಟಿತು. ಆದರೆ ಏಯೋಲಿಯನ್ ಕಂಪೆನಿಯು ಪ್ರಕಾಶಕರೊಡನೆ ಮೊದಲೇ ಕರಾರು ಮಾಡಿಕೊಂಡು ಹಾಡುಗಳನ್ನೆಲ್ಲ ತನ್ನೊಬ್ಬನ ಕೈಗೆ ತೆಗೆದುಕೊಳ್ಳುವುದೆಂಬ ಭಯವಿದ್ದಿತು. ಆದುದರಿಂದ, ಒಮ್ಮೆ ಒಬ್ಬ ತಯಾರಕನಿಗೆ ಅನುಮತಿ ಕೊಟ್ಟ ಹಾಡನ್ನು ಸುರುಳಿಗೆ ಎರಡು ಸೆಂಟು ಕೊಟ್ಟು ಯಾರಾದರೂ ಕೊರೆಯಬಹುದೆಂದು ನಿಯಮಿಸಿದರು. ಈ ಎರಡು ಸೆಂಟಿನ ದರವು ೧೯೭೮ರವರೆಗೆ ಬದಲಾಗಲಿಲ್ಲ. ಗ್ರಾಮಫೋನು ತಟ್ಟೆಗಳಿಗೂ ಅದೇ ನಿಯಮವು ಅನ್ವಯಿಸಿತು. ಬ್ರಿಟನ್ನಿನ ೧೯೧೧ರ ಕೃತಿಸ್ವಾಮ್ಯದ ಶಾಸನವೂ ತೂತು ಕೊರೆದ ಸುರುಳಿಯನ್ನು ಹೆಸರಿಸಿಯೇ ರಚನಕಾರನ ಹಕ್ಕಿಗೆ ಸೇರಿಸಿತು. ೧೯೧೪ರ ಕಾನೂನಿನ ಮೂಲಕ ಆ ಶಾಸನವು ಬ್ರಿಟಿಷ್ ಇಂಡಿಯಾಕ್ಕೆ ಬಂದಿತು. ಸ್ವತಂತ್ರ ಭಾರತವು ೧೯೫೭ರಲ್ಲಿ ತನ್ನದೇ ಶಾಸನವನ್ನು ಮಾಡಿದಾಗ, ಧ್ವನಿಮುದ್ರಿಕೆಯೆಂದರೇನೆಂಬ ವಿವರಣೆಯಲ್ಲಿ ತಟ್ಟೆ, ಟೇಪುಗಳ ಜತೆಗೆ ಈ ಸುರುಳಿಯನ್ನೂ ಸೇರಿಸಿತು. ಪಿಯಾನೊಲಾವನ್ನು ಕಣ್ಣಾರೆ ಕಾಣದ ನಮ್ಮ ಗಾಯಕರ ಮತ್ತು ವಾಗ್ಗೇಯಕಾರರ ಹಕ್ಕನ್ನು ಹೇಳುವ ಕಾನೂನಿನಲ್ಲಿಯೂ ಅದರ ಹೆಜ್ಜೆಯು ಹೀಗೆ ಮೂಡಿತು.

ಹಣದ ಮಾತು ಹಾಗಿರಲಿ. ಬಹುಮಂದಿ ಸಂಗೀತಪ್ರೇಮಿಗಳಿಗೆ ಬೇರೊಂದು ಚಿಂತೆಯಿದ್ದಿತು. ಬ್ಯಾಂಡಿನ ನಾಯಕನೆಂದು ಲೋಕಪ್ರಸಿದ್ಧನಾದ ಜಾನ್ ಫಿಲಿಪ್ ಸೂಸಾ ೧೯೦೬ರಲ್ಲಿ ಒಂದು ಲೇಖನವನ್ನು ಬರೆದು ಎಚ್ಚರಿಕೆ ಕೊಟ್ಟನು. ಗುಂಡಿ ತಿರುಗಿಸಿದರೆ ಸಂಗೀತವು ಬರುವುದಾದರೆ ಮಕ್ಕಳು ಅಭ್ಯಾಸದ ಕಷ್ಟವನ್ನು ಏಕೆ ಪಡುವರು, ಮನೆಯಲ್ಲಿ ಹಾಡುವ ನುಡಿಸುವ ಹವ್ಯಾಸಿಗಳು ಅಳಿದುಹೋಗುವರಲ್ಲವೆ ಎಂಬುದು ಅವನ ವಾದ. ಅದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೂ ಪಿಯಾನೊಲಾವು ತುಳಿಯುವವನಿಗೆ ಸ್ವಲ್ಪವಾದರೂ ಕೆಲಸವನ್ನುಳಿಸಿತ್ತು. ಅದನ್ನು ಕೊಂದ ರೇಡಿಯೋ ಮತ್ತು ಗ್ರಾಮಫೋನುಗಳು ಅಷ್ಟನ್ನೂ ಉಳಿಸಲಿಲ್ಲ. ೧೯೨೩ರಲ್ಲಿ ಅಮೆರಿಕದಲ್ಲಿ ತಯಾರಾದ ಪಿಯಾನೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂತಹವೇ ಆಗಿದ್ದುವು. ೧೯೨೫ರಲ್ಲಿ ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ಕ್ರಮವು ಬಂದು ತಟ್ಟೆಗಳ ಧ್ವನಿಯು ಉತ್ತಮವಾಯಿತು. ರೇಡಿಯೋ ಮನೆಮನೆಗೂ ಹೊಕ್ಕಿತು. ೧೯೨೯ರ ಆರ್ಥಿಕ ವಿಪತ್ತು ಉಳಿದುದನ್ನು ಮುಗಿಸಿತು. ೧೯೪೪ರ ನವೆಂಬರಿನಲ್ಲಿ ಫ್ರೈಬುರ್ಗಿನ ಮೇಲೆ ಬಾಂಬುಗಳು ಬಿದ್ದಾಗ ವೆಲ್ಟೆಯವರ ಕಾರ್ಖಾನೆಯೂ ನಾಶವಾಯಿತು. ಕೆಲವು ವರ್ಷಗಳಲ್ಲಿಯೇ, ವೃದ್ಧನೂ ರೋಗಪೀಡಿತನೂ ಆಗಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಡ್ಟ್‌ನರನ ವಾದನವನ್ನು ಉಳಿಸಲು ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನಲ್ಲಿ ಧನಸಹಾಯ ಮಾಡಿದಾಗ, ಆ ನಾದವನ್ನು ಹಿಡಿದುದು ಸುರುಳಿಯಲ್ಲ, ಗ್ರಾಮಫೋನು ತಟ್ಟೆಯೇ. ಕಾಲವು ಬದಲಾಗಿತ್ತು.

ಎಲ್ಲರೂ ಕೈಬಿಟ್ಟ ಮೇಲೆ ಈ ಯಂತ್ರಕ್ಕೆ ಒಬ್ಬ ಆಪ್ತನು ದೊರೆತನು. ಅಮೆರಿಕದಲ್ಲಿ ೧೯೧೨ರಲ್ಲಿ ಹುಟ್ಟಿದ ಕಾನ್ಲನ್ ನ್ಯಾನ್‌ಕ್ಯಾರೊ ಎಂಬಾತನು ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪಕ್ಷದಲ್ಲಿ ಹೋರಾಡಿ, ೧೯೪೦ರಲ್ಲಿ ಮೆಕ್ಸಿಕೊ ಸೇರಿದನು. ಅವನ ರಚನೆಗಳ ಲಯವು ವಾದಕರ ಶಕ್ತಿಗೆ ಮೀರಿದುದಾಗಿತ್ತು. ಆದುದರಿಂದ ತೂತು ಕೊರೆಯುವ ಯಂತ್ರವೊಂದನ್ನು ಸಂಪಾದಿಸಿ, ಒಂದೊಂದು ತೂತನ್ನೂ ತಾನೇ ಅಳೆದು ಕೊರೆದನು. ನಮ್ಮ ತಾಳಶಾಸ್ತ್ರಜ್ಞರಿಗೆ ಮೂರಕ್ಕೆ ನಾಲ್ಕು, ನಾಲ್ಕಕ್ಕೆ ಐದು ಕೂಡಿಸುವುದು ಹೊಸದಲ್ಲ. ಅವನು ಒಂದು ಕೃತಿಯಲ್ಲಿ ಎರಡರ ವರ್ಗಮೂಲಕ್ಕೂ ಎರಡಕ್ಕೂ ಇರುವ, ಪೂರ್ಣಾಂಕಗಳಿಂದ ಹೇಳಲಾಗದ ಪ್ರಮಾಣದಲ್ಲಿ ಎರಡು ಲಯಗಳನ್ನು ಜತೆಗೂಡಿಸಿದನು. ೧೯೯೭ರಲ್ಲಿ ತೀರಿಕೊಳ್ಳುವವರೆಗೆ ಆತನು ಸುಮಾರು ಐವತ್ತು ಇಂತಹ ಕೃತಿಗಳನ್ನು ರಚಿಸಿದ್ದನು. ಮನುಷ್ಯನ ಕೈಯನ್ನು ಅನುಕರಿಸಲು ಹುಟ್ಟಿದ ಯಂತ್ರವು ಹೀಗೆ ಕೈಗೆ ನಿಲುಕದ ಸಂಗೀತಕ್ಕೆ ನಾಲಗೆಯಾಯಿತು.

ಇಂದು ಗಣಕಯಂತ್ರದಲ್ಲಿ ಸಂಗೀತ ರಚಿಸುವವರು ಸ್ವರಗಳನ್ನು ಸಣ್ಣದೊಡ್ಡ ಪಟ್ಟಿಗಳಾಗಿ ತೆರೆಯ ಮೇಲೆ ಗುರುತಿಸುತ್ತಾರೆ. ಆ ನಕ್ಷೆಗೆ ಪಿಯಾನೊ ರೋಲ್ ಎಂಬ ಹೆಸರೇ ನಿಂತಿದೆ. ಸ್ಟ್ಯಾನ್‌ಫರ್ಡ್ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಹಳೆಯ ಸುರುಳಿಗಳ ಬಿಂಬವನ್ನು ತೆಗೆದು ಕಾಪಾಡುವ ಕಾರ್ಯವು ನಡೆದಿದೆ. ಕಾಗದವು ಕಾಲಕ್ರಮದಲ್ಲಿ ಹಪ್ಪಳದಂತೆ ಪುಡಿಯಾಗುವುದು, ತೊಗಲು ಬಿರಿಯುವುದು, ರಬ್ಬರಿನ ಕೊಳವೆಯು ಕಲ್ಲಾಗುವುದು. ಆದರೆ ಒಂದೊಂದು ತೂತು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತೆಂಬುದನ್ನು ಅಳೆದಿಟ್ಟರೆ ಸಾಕು, ಮತ್ತೊಂದು ವಾದ್ಯದಲ್ಲಿ ಅದನ್ನು ಎಬ್ಬಿಸಬಹುದು. ಕಣ್ಣಿನಿಂದ ಓದಲಾಗದ್ದು ಪ್ರತಿಯಲ್ಲವೆಂದು ನ್ಯಾಯಾಧೀಶರು ತೀರ್ಮಾನಿಸಿದ ಆ ತೂತುಗಳನ್ನು ಇಂದು ಯಂತ್ರದ ಕಣ್ಣು ಓದುತ್ತಿದೆ; ಸ್ವಂತ ಧ್ವನಿಮುದ್ರಿಕೆಯನ್ನು ಬಿಡದೆ ಹೋದ ಮಾಹ್ಲರನ ಹೆಜ್ಜೆಯ ಗುರುತುಗಳೂ ಹಾಗೆ ಉಳಿದ ಸುರುಳಿಗಳಲ್ಲಿ ಸೇರಿವೆ. ನಮ್ಮ ನಾಡಿನಲ್ಲಿ ಧ್ವನಿಮುದ್ರಣವೇ ಇಲ್ಲದೆ ಕಣ್ಮರೆಯಾದ ವೈಣಿಕರನ್ನೂ ಗಾಯಕರನ್ನೂ ನೆನೆದಾಗ, ಅಷ್ಟು ಗುರುತಾದರೂ ಉಳಿದವರು ಭಾಗ್ಯವಂತರೆಂದೇ ತೋರುತ್ತದೆ.